ಮೂವತ್ತೈದು ಎಚ್‌ಪಿಗೆ ಆರಡಿ ಸ್ಲ್ಯಾಶರ್: ಈ ಲೆಕ್ಕ ಹೇಳಿಕೊಟ್ಟವರು ಯಾರು?

ಕಳೆದ ಮಳೆಗಾಲ ಮುಗಿಯುವ ಹೊತ್ತಿನಲ್ಲಿ ನಮಗೊಂದು ಫೋನ್ ಬಂತು. ಕೋಡಿಂಬಾಳದಲ್ಲಿ ಟ್ರ್ಯಾಕ್ಟರೊಂದು ಬರೆಯ ಅಂಚಿನಲ್ಲಿ ನೇತಾಡುತ್ತಿದೆ, ಬೇಗ ಬನ್ನಿ, ಫೋಟೊ ಸಿಗ್ತದೆ ಎಂದು. ಬೈಕ್ ಹತ್ತಿ ಹೋದೆವು. ತೆಂಗಿನ ತೋಟದ ಮೇಲಿನ ತಟ್ಟಿನಲ್ಲಿ ಹಳೆಯ 35 ಎಚ್‌ಪಿ ಟ್ರ್ಯಾಕ್ಟರ್. ಎದುರಿನ ಒಂದು ಚಕ್ರ ಗಾಳಿಯಲ್ಲಿ. ಕೆಳಗೆ ಹತ್ತಡಿ ಆಳದಲ್ಲಿ ಅಡಿಕೆ ತೋಟ. ಹಲಸಿನ ಮರದ ಹಳೆಯ ಬುಡವೊಂದು ಅಡ್ಡ ಸಿಕ್ಕಿದ್ದರಿಂದ ಟ್ರ್ಯಾಕ್ಟರ್ ನಿಂತಿತ್ತು. ಡ್ರೈವರ್ ಪಕ್ಕದ ಕಟ್ಟೆಯಲ್ಲಿ ಕೂತು ನೀರು ಕುಡಿಯುತ್ತಿದ್ದ. ಕೈ ನಡುಗುತ್ತಿತ್ತು.

ನಾವು ಪತ್ರಿಕೆಗೆ ನಾಲ್ಕು ಸಾಲು ಕಳಿಸಿದೆವು. ಚಾಲಕನ ನಿಯಂತ್ರಣ ತಪ್ಪಿದ ಟ್ರ್ಯಾಕ್ಟರ್, ಅದೃಷ್ಟವಶಾತ್ ಪಾರು. ಫೋಟೊದೊಂದಿಗೆ ಬಂತು. ಊರಿನವರೂ ಅದನ್ನೇ ಹೇಳಿದರು. "ಅವನಿಗೆ ಎಂತ ಗೊತ್ತುಂಟು ಮಾರಾಯ್ರೇ, ಬ್ರೇಕ್ ಹಾಕ್ಲಿಕ್ಕೆ ಆಗ್ಲಿಲ್ವಾ?"

ಆ ನಾಲ್ಕು ಸಾಲು ತಪ್ಪಾಗಿತ್ತು. ಈ ಬರಹ ಅದರ ತಿದ್ದುಪಡಿ ಎಂದು ತಿಳಿಯಿರಿ. ಡ್ರೈವರ್ ತಪ್ಪು ಮಾಡಿರಲಿಲ್ಲ. ಕ್ಲಚ್ ಒತ್ತಿದ್ದ. ಆದರೂ ಟ್ರ್ಯಾಕ್ಟರ್ ನಿಲ್ಲಲಿಲ್ಲ. ಯಾಕೆಂದರೆ ಹಿಂದೆ ಕಟ್ಟಿದ್ದು ಆ ಟ್ರ್ಯಾಕ್ಟರಿಗೆ ಕಟ್ಟಬಾರದ ಆರಡಿ ಅಗಲದ ಸ್ಲ್ಯಾಶರ್.

ಸ್ಲ್ಯಾಶರ್ ಎಂದರೆ ನಮ್ಮಲ್ಲಿ ಎಷ್ಟೋ ಜನ ಈಗಲೂ ರೋಟಾವೇಟರ್ ಎಂದುಕೊಳ್ಳುತ್ತಾರೆ. ಎರಡೂ ಬೇರೆ. ರೋಟಾವೇಟರ್ ಮಣ್ಣು ಕೊಚ್ಚುತ್ತದೆ. ಸ್ಲ್ಯಾಶರ್ ಮಣ್ಣು ಮುಟ್ಟುವುದಿಲ್ಲ. ದೊಡ್ಡ ಕಬ್ಬಿಣದ ತಟ್ಟೆಯ ಅಡಿಯಲ್ಲಿ ಬ್ಲೇಡ್ ಗಿರ್ರನೆ ತಿರುಗಿ ಹುಲ್ಲು, ಕಮ್ಯುನಿಸ್ಟ್ ಸೊಪ್ಪು, ನಾಚಿಕೆ ಮುಳ್ಳು, ಕೈಬೆರಳು ದಪ್ಪದ ಪೊದೆ, ಎಲ್ಲವನ್ನೂ ಹೊಡೆದು ಹಾಕುತ್ತದೆ. ಹೊಡೆದ ಸೊಪ್ಪು ಅಲ್ಲೇ ಬಿದ್ದು ಗೊಬ್ಬರವಾಗುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮೇಲೆ ಮಳೆ ಬೀಳುವ ಈ ಸೀಮೆಯಲ್ಲಿ ತೆಂಗು, ಗೇರು, ರಬ್ಬರ್ ತೋಟದ ಹುಲ್ಲಿಗೆ ಇದು ಒಳ್ಳೆಯ ಯಂತ್ರ. ಹುಲ್ಲು ತೆಗೆಯಲು ಜನ ಸಿಗುವುದಿಲ್ಲ. ಕಳೆನಾಶಕ ಗ್ಲೈಫೋಸೇಟನ್ನು 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಪೆಸ್ಟ್ ಕಂಟ್ರೋಲ್ ನವರ ಮೂಲಕ ಮಾತ್ರ ಬಳಸಬೇಕೆಂದು ನಿರ್ಬಂಧಿಸಿತು. ಹಾಗಾಗಿ ಸ್ಲ್ಯಾಶರ್ ಬೇಕೆನ್ನುವವರು ಹೆಚ್ಚುತ್ತಿದ್ದಾರೆ. ಅದು ಸರಿಯೇ. ನಮ್ಮ ಜಗಳ ಯಂತ್ರದ ಮೇಲಲ್ಲ, ಅದನ್ನು ಮಾರುವ ಮತ್ತು ಕೊಳ್ಳುವ ರೀತಿಯ ಮೇಲೆ.

ಬಾನೆಟ್ ಮೇಲಿನ ಎಚ್‌ಪಿ ನಂಬಬೇಡಿ

ಆ ಟ್ರ್ಯಾಕ್ಟರಿನ ಯಜಮಾನರು ನಮಗೆ ಅಣ್ಣನ ಹಾಗೆ. ಅಂಗಡಿಯಲ್ಲಿ ಅವರಿಗೆ ಹೇಳಿದ್ದು ಒಂದೇ ಮಾತು: "ಅಣ್ಣಾ, ಮೂವತ್ತೈದು ಎಚ್‌ಪಿಗೆ ಆರಡಿ ಧಾರಾಳ ಎಳೀತದೆ. ಐದಡಿದು ಯಾಕೆ ತಗೊಳ್ತೀರಿ? ನಾಲ್ಕು ಸಾವಿರಕ್ಕೆ ನೋಡಿದ್ರೆ ಹೇಗೆ?" ಅಣ್ಣ ಒಪ್ಪಿದರು. ನಾವಿದ್ದರೂ ಒಪ್ಪುತ್ತಿದ್ದೆವು.

ಈಗ ಲೆಕ್ಕ ಹಾಕಿ ನೋಡೋಣ. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು.

35 ಎಚ್‌ಪಿ ಎಂಬುದು ಎಂಜಿನ್ನಿನ ಶಕ್ತಿ. ಸ್ಲ್ಯಾಶರಿಗೆ ಶಕ್ತಿ ಹೋಗುವುದು ಹಿಂದೆ ತಿರುಗುವ ಶಾಫ್ಟಿನಿಂದ, ಅಂದರೆ ಪಿಟಿಒದಿಂದ. ಎಂಜಿನ್ನಿನಿಂದ ಅಲ್ಲಿಗೆ ತಲುಪುವಾಗ ಗೇರು, ಬೇರಿಂಗುಗಳು ಒಂದಿಷ್ಟು ತಿನ್ನುತ್ತವೆ. ಸಾಮಾನ್ಯವಾಗಿ ಪಿಟಿಒಗೆ ಸಿಗುವುದು ಶೇ. 85ರ ಆಸುಪಾಸು. 35ರಲ್ಲಿ ಶೇ. 85 ಎಂದರೆ ಸುಮಾರು 30.

ಇದು ಹೊಸ ಟ್ರ್ಯಾಕ್ಟರಿನ ಲೆಕ್ಕ. ಇಪ್ಪತ್ತು ವರ್ಷ ಓಡಿದ್ದರಲ್ಲಿ ರಿಂಗ್ ಸವೆದಿರುತ್ತದೆ, ಇಂಜೆಕ್ಟರ್ ಸರಿ ಸಿಂಪಡಿಸುವುದಿಲ್ಲ, ಪಂಪ್ ಹಳತಾಗಿರುತ್ತದೆ. ಹತ್ತರಲ್ಲಿ ಒಂದು ಪಾಲು ಹೋಯಿತು ಎಂದು ಇಟ್ಟುಕೊಳ್ಳಿ. ಉಳಿಯುವುದು 27. ಬಾನೆಟ್ ಮೇಲೆ 35 ಎಂದು ಬರೆದ ಟ್ರ್ಯಾಕ್ಟರ್ ಸ್ಲ್ಯಾಶರಿಗೆ ಕೊಡುವುದು ಇಷ್ಟೇ.

ಇನ್ನು ಸ್ಲ್ಯಾಶರ್ ಕೇಳುವುದೆಷ್ಟು? ಸಾಧಾರಣ ಹುಲ್ಲಿಗೆ ಒಂದು ಅಡಿ ಅಗಲಕ್ಕೆ ಪಿಟಿಒದಲ್ಲಿ 5 ಎಚ್‌ಪಿ ಬೇಕು ಎಂಬುದು ಯಂತ್ರ ಬಲ್ಲವರು ಹೇಳುವ ಹೆಬ್ಬೆರಳ ಲೆಕ್ಕ. ಐದಡಿಗೆ 25, ಆರಡಿಗೆ 30. ಪೊದೆ, ಬಳ್ಳಿ ದಟ್ಟ ಇದ್ದರೆ ಅಡಿಗೆ ಆರೂವರೆ ಎಂದು ಹಿಡಿಯಿರಿ. ಆಗ ಆರಡಿಗೆ 39 ಬೇಕು.

ಕೊಡುವವನಲ್ಲಿ 27, ಕೇಳುವವನಿಗೆ 30ರಿಂದ 39. ಅಣ್ಣನ ಟ್ರ್ಯಾಕ್ಟರ್ ಮೊದಲ ದಿನವೇ ಕಪ್ಪು ಹೊಗೆ ಉಗುಳಿತು. ಎರಡನೇ ವಾರ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬಂತು. "ಹಳೇ ಗಾಡಿ ಅಲ್ವಾ" ಎಂದು ಎಲ್ಲರೂ ಟ್ರ್ಯಾಕ್ಟರಿಗೇ ಬೈದರು.

ಇದೇ ಲೆಕ್ಕ ನಿಮ್ಮದಕ್ಕೂ ಹಾಕಿ. ಎಚ್‌ಎಂಟಿ 2511ನಂಥ ಹಳೆಯ 25 ಎಚ್‌ಪಿ ಟ್ರ್ಯಾಕ್ಟರಿಗೆ ಪಿಟಿಒದಲ್ಲಿ ಸಿಗುವುದು ಸುಮಾರು 21, ಹಳತಿಗೆ ಕಳೆದರೆ 19. ನಾಲ್ಕಡಿಗೆ ಬೇಕಾದ 20ಕ್ಕೂ ಸ್ವಲ್ಪ ಕಮ್ಮಿ. ಎಳೆ ಹುಲ್ಲಿಗೆ ನಾಲ್ಕಡಿ ನಡೆಯಬಹುದು, ಅದಕ್ಕಿಂತ ಮೇಲೆ ಹೋಗಬೇಡಿ. ಹದಿನೆಂಟೂವರೆ ಎಚ್‌ಪಿಯ ಹಳೆಯ ಮಿನಿ ಟ್ರ್ಯಾಕ್ಟರಿಗೆ ಉಳಿಯುವುದು 14. ಅಂದರೆ ಮೂರಡಿ ಚಿಲ್ಲರೆಯೂ ಇಲ್ಲ. ಅದಕ್ಕೆ ನಾಲ್ಕಡಿಯದ್ದು, ಐದಡಿಯದ್ದು ಕಟ್ಟಿಸಿಕೊಂಡು ಬರುವವರನ್ನು ನಾವು ಕಂಡಿದ್ದೇವೆ.

ಎಚ್‌ಎಂಟಿ ಹೆಸರು ಸುಮ್ಮನೆ ಎತ್ತಲಿಲ್ಲ. ಅದರ ಟ್ರ್ಯಾಕ್ಟರ್ ವಿಭಾಗ ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ತಯಾರಿಸಿದ ಕಂಪೆನಿಯೇ ಬಾಗಿಲು ಹಾಕಿದ ಟ್ರ್ಯಾಕ್ಟರಿನ ಗೇರ್‌ಬಾಕ್ಸ್ ಹೋದರೆ ಬಿಡಿಭಾಗಕ್ಕೆ ಗುಜರಿ ಗುಜರಿ ಅಲೆಯಬೇಕು. ಅಂಥ ಟ್ರ್ಯಾಕ್ಟರಿಗೆ ಒಂದಡಿ ಹೆಚ್ಚು ಕಟ್ಟಿಸಿದವನು ಅದರ ಆಯುಸ್ಸು ಕಡಿಮೆ ಮಾಡಿದ ಎಂದೇ ಅರ್ಥ.

ಕ್ಲಚ್ ಒತ್ತಿದರೂ ಯಾಕೆ ನಿಲ್ಲಲಿಲ್ಲ?

ಈಗ ಆ ಬರೆಯ ಅಂಚಿಗೆ ಬರೋಣ.

ಹೊಸ ಟ್ರ್ಯಾಕ್ಟರುಗಳಲ್ಲಿ ಹೆಚ್ಚಿನವಕ್ಕೆ ಎರಡು ಹಂತದ ಕ್ಲಚ್ ಇರುತ್ತದೆ. ಅರ್ಧ ಒತ್ತಿದರೆ ಚಕ್ರ ನಿಲ್ಲುತ್ತದೆ, ಪಿಟಿಒ ತಿರುಗುತ್ತಲೇ ಇರುತ್ತದೆ. ಹಳೆಯ ಹಲವು ಟ್ರ್ಯಾಕ್ಟರುಗಳಲ್ಲಿ ಒಂದೇ ಹಂತ. ಪಿಟಿಒ ಮತ್ತು ಚಕ್ರ ಎರಡಕ್ಕೂ ಶಕ್ತಿ ಒಂದೇ ಕ್ಲಚ್ ದಾಟಿ ಹೋಗುತ್ತದೆ. ಕ್ಲಚ್ ಒತ್ತಿದಾಗ ಎಂಜಿನ್ ಬಿಟ್ಟುಹೋಗುತ್ತದೆ. ಆದರೆ ಗೇರ್‌ಬಾಕ್ಸ್, ಪಿಟಿಒ, ಚಕ್ರ ಇವು ಮೂರೂ ಒಂದಕ್ಕೊಂದು ಕಟ್ಟಿಕೊಂಡೇ ಇರುತ್ತವೆ.

ಆಗ ಹಿಂದೆ ಏನಾಗುತ್ತಿರುತ್ತದೆ? ಭಾರದ ಬ್ಲೇಡ್ ಬುಗುರಿಯ ಹಾಗೆ ಸುತ್ತುತ್ತಿರುತ್ತದೆ. ಅದು ಕೂಡಲೇ ನಿಲ್ಲುವ ವಸ್ತುವಲ್ಲ. ಅದರ ವೇಗ ಶಾಫ್ಟಿನ ಮೂಲಕ ಉಲ್ಟಾ ಬಂದು ಗೇರ್‌ಬಾಕ್ಸನ್ನು ತಿರುಗಿಸುತ್ತದೆ. ಗೇರ್‌ಬಾಕ್ಸ್ ಚಕ್ರವನ್ನು ತಿರುಗಿಸುತ್ತದೆ. ಡ್ರೈವರ್ ಕ್ಲಚ್ ಒತ್ತಿ ಹಿಡಿದಿದ್ದಾನೆ, ಟ್ರ್ಯಾಕ್ಟರ್ ಮುಂದೆ ಹೋಗುತ್ತಲೇ ಇದೆ. ಬಯಲುಸೀಮೆಯ ಹೊಲದಲ್ಲಿ ನಾಲ್ಕು ಅಡಿ ಮುಂದೆ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ತಟ್ಟಿನ ಅಂಚಿನಲ್ಲಿ ನಾಲ್ಕು ಅಡಿ ಎಂದರೆ ಜೀವ.

ಬ್ಲೇಡ್ ದೊಡ್ಡದಾದಷ್ಟೂ ಈ ತಳ್ಳುವಿಕೆ ಜಾಸ್ತಿ. ಐದಡಿಯದ್ದಕ್ಕಿಂತ ಆರಡಿಯದ್ದು ಒಂದಡಿ ಮಾತ್ರ ಹೆಚ್ಚು ತಳ್ಳುವುದಲ್ಲ. ಬ್ಲೇಡಿನ ಭಾರವೂ ಹೆಚ್ಚು, ಆ ಭಾರ ಮಧ್ಯದಿಂದ ಇನ್ನೂ ದೂರದಲ್ಲಿ ಸುತ್ತುತ್ತಿರುತ್ತದೆ. ಕಲ್ಲಿಗೆ ದಾರ ಕಟ್ಟಿ ತಿರುಗಿಸಿದವರಿಗೆ ಇದು ಗೊತ್ತು. ದಾರ ಉದ್ದ ಬಿಟ್ಟರೆ ಕೈ ಎಳೆಯುತ್ತದೆ.

ಇದಕ್ಕೆ ಮದ್ದು ಇದೆ. ಓವರ್‌ರನ್ ಕಪ್ಲಿಂಗ್ ಎಂಬ ಸಣ್ಣ ಭಾಗವನ್ನು ಪಿಟಿಒ ಶಾಫ್ಟಿಗೆ ಕೂರಿಸಬೇಕು. ಸೈಕಲ್ಲಿನ ಫ್ರೀವೀಲ್ ಇದ್ದ ಹಾಗೆ. ಪೆಡಲ್ ನಿಲ್ಲಿಸಿದರೂ ಹಿಂದಿನ ಚಕ್ರ ತಿರುಗುತ್ತದಲ್ಲ, ಹಾಗೆ ಬ್ಲೇಡ್ ತನ್ನ ಪಾಡಿಗೆ ತಿರುಗಿ ನಿಲ್ಲುತ್ತದೆ, ಗೇರ್‌ಬಾಕ್ಸನ್ನು ತಳ್ಳುವುದಿಲ್ಲ. ಇದನ್ನು ಕೂರಿಸಿದಾಗ ಶಾಫ್ಟ್ ಸ್ವಲ್ಪ ಉದ್ದವಾಗುತ್ತದೆ. ಸ್ಲ್ಯಾಶರ್ ಎತ್ತಿ ಇಳಿಸಿ ನೋಡಿ, ಶಾಫ್ಟ್ ಒತ್ತಿಕೊಳ್ಳುವುದಾದರೆ ಕೊಯ್ದು ಸರಿ ಮಾಡಿಸಬೇಕು.

ಸ್ಲ್ಯಾಶರಿನ ಬೆಲೆಯ ಮುಂದೆ ಈ ಕಪ್ಲಿಂಗಿನದ್ದು ಚಿಲ್ಲರೆ. ಆದರೂ ಅಣ್ಣನಿಗೆ ಅಂಗಡಿಯವರು ಅದರ ಹೆಸರೇ ಹೇಳಿರಲಿಲ್ಲ. ನಿಮ್ಮದು ಸಿಂಗಲ್ ಕ್ಲಚ್ ಟ್ರ್ಯಾಕ್ಟರಾ ಎಂದು ಕೇಳಲೂ ಇಲ್ಲ. ಆರಡಿ ಕಬ್ಬಿಣ ಮಾರಿ, ಜೀವ ಉಳಿಸುವ ಅಂಗೈಯಗಲದ ವಸ್ತುವನ್ನು ಹೇಳದೆ ಬಿಟ್ಟದ್ದು ವ್ಯಾಪಾರವೂ ಅಲ್ಲ, ಮರೆವೂ ಅಲ್ಲ. ಬೇಜವಾಬ್ದಾರಿ.

ಹಿಂದೆ ಭಾರ, ಎದುರು ಹಗುರ

ಇನ್ನೊಂದು ಸಂಗತಿ ಭಾರದ್ದು. "ಹೈಡ್ರಾಲಿಕ್ ಎತ್ತುತ್ತದೆ, ಮತ್ತೆಂತ?" ಎಂದು ಕೇಳುವವರಿದ್ದಾರೆ. ಎತ್ತುತ್ತದೆ. ಎತ್ತಿದಾಗ ಎದುರಿನ ಚಕ್ರಕ್ಕೆ ಏನಾಗುತ್ತದೆ ನೋಡಿ.

ಸ್ಲ್ಯಾಶರ್ 300 ಕಿಲೋ ಇದೆ ಎಂದು ಇಟ್ಟುಕೊಳ್ಳಿ. ಅದರ ಭಾರದ ನಡು ಹಿಂದಿನ ಆಕ್ಸಲಿನಿಂದ ಸುಮಾರು 1.4 ಮೀಟರ್ ಹಿಂದೆ. ಟ್ರ್ಯಾಕ್ಟರಿನ ಎರಡು ಆಕ್ಸಲ್ ನಡುವಿನ ಅಂತರ 1.8 ಮೀಟರ್. ತಕ್ಕಡಿಯ ಲೆಕ್ಕ: 300ನ್ನು 1.4ರಿಂದ ಗುಣಿಸಿ 1.8ರಿಂದ ಭಾಗಿಸಿ. 230 ಕಿಲೋ ಮೇಲೆ ಬರುತ್ತದೆ. ಸ್ಲ್ಯಾಶರ್ ಎತ್ತಿದ ಕ್ಷಣ ಎದುರಿನ ಚಕ್ರದ ಮೇಲಿಂದ ಅಷ್ಟು ಭಾರ ಇಳಿದು ಹೋಯಿತು. ಸ್ಲ್ಯಾಶರ್ ಅಗಲವಾದಂತೆ ಹಿಂದಕ್ಕೂ ಉದ್ದವಾಗುತ್ತದೆ. ಭಾರವೂ ಹೆಚ್ಚು, ದೂರವೂ ಹೆಚ್ಚು.

ಟ್ರ್ಯಾಕ್ಟರಿನ ಒಟ್ಟು ತೂಕದ ಐದರಲ್ಲಿ ಒಂದು ಪಾಲಾದರೂ ಎದುರಿನ ಚಕ್ರದ ಮೇಲೆ ಉಳಿಯಬೇಕು ಎಂಬುದು ಸುರಕ್ಷತೆಯ ನಿಯಮ. ಇಲ್ಲದಿದ್ದರೆ ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಸಮತಟ್ಟಿನಲ್ಲಿ ಸರಿ ಇದ್ದದ್ದು ಗುಡ್ಡೆ ಹತ್ತುವಾಗ ಸರಿ ಇರುವುದಿಲ್ಲ, ಭಾರ ಮತ್ತೂ ಹಿಂದಕ್ಕೆ ಹೋಗುತ್ತದೆ. ನಮ್ಮ ಕೋಡಿಂಬಾಳ, ಎಡಮಂಗಲ, ಬಿಳಿನೆಲೆ ಕಡೆ ಸಮತಟ್ಟು ಎಂದರೆ ಶಾಲೆಯ ಮೈದಾನ ಮಾತ್ರ. ಉಳಿದದ್ದೆಲ್ಲ ಏರು, ಇಳಿಜಾರು, ತಟ್ಟು, ಬರೆ. ಎದುರಿಗೆ ಭಾರ ಕಟ್ಟಿಸದೆ ಇಲ್ಲಿ ಸ್ಲ್ಯಾಶರ್ ಎತ್ತಿ ಓಡಿಸಬಾರದು. ಸಣ್ಣದು ಕಟ್ಟಿದರೆ ಈ ತಲೆನೋವು ಅರ್ಧ ಕಡಿಮೆ.

"ಅಗಲ ಇದ್ರೆ ಬೇಗ ಆಗ್ತದಲ್ಲ?"

ಅಣ್ಣ ನಮ್ಮ ಹತ್ತಿರ ಕೇಳಿದ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಡೀಸೆಲ್ ಸುಡುವುದು ಅವರದ್ದು, ಡ್ರೈವರಿಗೆ ಸಂಬಳ ಕೊಡುವುದೂ ಅವರೇ. ಆರಡಿ ಆದರೆ ಸುತ್ತು ಕಡಿಮೆ ಅಲ್ಲವೇ?

ಲೆಕ್ಕ ಹಾಕಿದೆವು. ಪ್ರತಿ ಸುತ್ತಿನಲ್ಲೂ ಹತ್ತನೇ ಒಂದು ಪಾಲು ಹಿಂದಿನ ಸುತ್ತಿನ ಮೇಲೆ ಬೀಳುತ್ತದೆ ಎಂದಿಟ್ಟುಕೊಂಡು, ಗಂಟೆಗೆ 3 ಕಿ.ಮೀ. ವೇಗದಲ್ಲಿ ಐದಡಿ ಸ್ಲ್ಯಾಶರ್ ಒಂದು ಎಕ್ರೆ ಮುಗಿಸಲು 59 ನಿಮಿಷ. ಅದೇ ವೇಗದಲ್ಲಿ ಆರಡಿಯದ್ದಕ್ಕೆ 49 ನಿಮಿಷ. ತಿರುಗಿಸುವ ಸಮಯ ಬೇರೆ. ಲಾಭ ಹತ್ತು ನಿಮಿಷ.

ಆದರೆ 27 ಎಚ್‌ಪಿ ಇರುವ ಟ್ರ್ಯಾಕ್ಟರ್ ಆರಡಿಯದ್ದನ್ನು ಕಟ್ಟಿಕೊಂಡು ಅದೇ ವೇಗದಲ್ಲಿ ಹೋಗುವುದಿಲ್ಲ. ಎಂಜಿನ್ ಮುಕ್ಕುತ್ತದೆ, ಡ್ರೈವರ್ ಗೇರ್ ಇಳಿಸುತ್ತಾನೆ. ಗಂಟೆಗೆ 2 ಕಿ.ಮೀ.ಗೆ ಇಳಿದರೆ ಅದೇ ಎಕ್ರೆಗೆ 74 ನಿಮಿಷ. ಅಗಲದ ಯಂತ್ರ ಕಾಲು ಗಂಟೆ ತಡ ಮಾಡಿತು. ಡೀಸೆಲ್ ಹೆಚ್ಚು ಕುಡಿಯಿತು. ಬ್ಲೇಡಿನ ಸುತ್ತು ಇಳಿದ ಕಾರಣ ಹುಲ್ಲು ಕತ್ತರಿಸದೆ ಜಜ್ಜಿ ಮಲಗಿಸಿತು. ಮಾರನೇ ವಾರ ಆ ಹುಲ್ಲು ತಲೆ ಎತ್ತಿ ನಿಂತದ್ದನ್ನು ನಾವೇ ನೋಡಿದ್ದೇವೆ.

ಅಗಲಕ್ಕೆ ಒಂದು ಒಳ್ಳೆಯ ಕಾರಣ ಮಾತ್ರ ಇದೆ. ಸ್ಲ್ಯಾಶರ್ ಹಿಂದಿನ ಟಯರುಗಳ ಹೊರ ಅಂಚನ್ನು ಮುಚ್ಚಬೇಕು. ಇಲ್ಲದಿದ್ದರೆ ಟಯರ್ ತುಳಿದ ಹುಲ್ಲು ಬ್ಲೇಡಿಗೆ ಸಿಗುವುದಿಲ್ಲ. ಟೇಪ್ ಹಿಡಿದು ಎಡ ಟಯರಿನ ಹೊರ ಅಂಚಿನಿಂದ ಬಲ ಟಯರಿನ ಹೊರ ಅಂಚಿನವರೆಗೆ ಅಳೆಯಿರಿ. 35 ಎಚ್‌ಪಿಯವಕ್ಕೆ ಐದರಿಂದ ಐದೂವರೆ ಅಡಿ ಬರಬಹುದು. ಶಕ್ತಿ ಐದಡಿ ಸಾಕು ಅನ್ನುತ್ತದೆ, ಟಯರ್ ಐದೂವರೆ ಬೇಕು ಅನ್ನುತ್ತದೆ. ಆಗ ಯಾರ ಮಾತು ಕೇಳಬೇಕು? ಶಕ್ತಿಯ ಮಾತನ್ನೇ ಕೇಳಿ. ರಿಮ್ ತಿರುಗಿಸಿ ಟಯರನ್ನು ಒಳಗೆ ತರಲು ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಅವಕಾಶ ಇರುತ್ತದೆ. ಆದರೆ ಇಳಿಜಾರಿನಲ್ಲಿ ಓಡಿಸುವವರು ಹಾಗೆ ಮಾಡಬೇಡಿ, ಗಾಡಿ ಮಗುಚುವ ಅಪಾಯ ಜಾಸ್ತಿ. ಅಂಥವರು ಮುಂದಿನ ಸುತ್ತನ್ನು ಅರ್ಧ ಅಡಿ ಒಳಗೆ ತೆಗೆದುಕೊಂಡರೆ ಸಾಕು. ಅಂಚಿನಲ್ಲಿ ಉಳಿದ ಹುಲ್ಲಿಗೆ ವೀಡ್ ಕಟ್ಟರ್ ಇದೆ.

ಅಡಿಕೆ ತೋಟದವರಿಗೆ ಒಂದು ಮಾತು. ಸಿಪಿಸಿಆರ್‌ಐ ಹೇಳುವ ಅಂತರ 2.7 ಮೀಟರ್, ನಮ್ಮ ಲೆಕ್ಕದಲ್ಲಿ ಒಂಬತ್ತಡಿ. ಎರಡು ಸಾಲಿನ ನಡುವೆ ಕಣಿ, ಮೇಲೆ ಸ್ಪ್ರಿಂಕ್ಲರ್ ಪೈಪು. ಅಲ್ಲಿಗೆ ಟ್ರ್ಯಾಕ್ಟರ್ ತರುವ ಆಸೆಯೇ ಬೇಡ. ಸ್ಲ್ಯಾಶರ್ ಇರುವುದು ಏಳೂವರೆ ಮೀಟರ್ ಅಂತರದ ತೆಂಗು, ಗೇರಿಗೆ, ಅಗಲ ತಟ್ಟು ಇರುವ ರಬ್ಬರಿಗೆ, ಹಡಿಲು ಬಿದ್ದ ಗದ್ದೆಗೆ. ರಬ್ಬರಿನಲ್ಲೂ ಮುಕುನ ಬಳ್ಳಿ ಹಬ್ಬಿಸಿದ್ದರೆ ಎಚ್ಚರ. ಬ್ಲೇಡಿಗೆ, ಶಾಫ್ಟಿಗೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ. ಬಿಡಿಸುವ ಮೊದಲು ಎಂಜಿನ್ ಬಂದ್ ಮಾಡಿ, ಕೀಲಿ ಕಿಸೆಗೆ ಹಾಕಿ, ಬ್ಲೇಡ್ ಪೂರ್ತಿ ನಿಂತ ಮೇಲೆಯೇ ಕೈ ಹಾಕಿ.

ತುಂಡಾಗಬೇಕಾದ ಬೋಲ್ಟ್

ನಮ್ಮ ಮಣ್ಣಿನಲ್ಲಿ ಮುರಕಲ್ಲು, ಕಡಿದ ಮರದ ಬುಡ ಎರಡೂ ಹುಲ್ಲಿನಲ್ಲಿ ಅಡಗಿರುತ್ತವೆ. ಬ್ಲೇಡ್ ಬಡಿದಾಗ ಪೆಟ್ಟು ನೇರ ಗೇರ್‌ಬಾಕ್ಸಿಗೆ ಹೋಗಬಾರದೆಂದು ಶಾಫ್ಟಿನಲ್ಲಿ ಒಂದು ಶಿಯರ್ ಬೋಲ್ಟ್ ಇಟ್ಟಿರುತ್ತಾರೆ. ಅದು ತುಂಡಾಗಲಿಕ್ಕೆಂದೇ ಇರುವುದು. ಮನೆಯ ಫ್ಯೂಸಿನ ಹಾಗೆ.

ಟ್ರ್ಯಾಕ್ಟರಿಗೆ ಮೀರಿದ ಸ್ಲ್ಯಾಶರ್ ಕಟ್ಟಿದವರ ಬೋಲ್ಟ್ ದಿನಕ್ಕೆ ನಾಲ್ಕು ಸಲ ತುಂಡಾಗುತ್ತದೆ. ಆಗ ಅವರು ಏನು ಮಾಡುತ್ತಾರೆ? ಗ್ಯಾರೇಜಿಗೆ ಹೋಗಿ ಗಟ್ಟಿ ಬೋಲ್ಟ್ ಹಾಕಿಸುತ್ತಾರೆ. ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಸುತ್ತಿದ ಹಾಗೆ. ಮತ್ತೆ ಬೋಲ್ಟ್ ತುಂಡಾಗುವುದಿಲ್ಲ, ಗೇರ್‌ಬಾಕ್ಸ್ ತುಂಡಾಗುತ್ತದೆ. ಸ್ಲ್ಯಾಶರಿನದ್ದಾದರೆ ಪುಣ್ಯ, ಟ್ರ್ಯಾಕ್ಟರಿನದ್ದಾದರೆ ಒಂದು ಬೆಳೆಯ ದುಡ್ಡು.

ಕಲ್ಲಿನ ಇನ್ನೊಂದು ಅಪಾಯ ಹಾರುವುದು. ಐದಡಿ ಸ್ಲ್ಯಾಶರಿನ ಬ್ಲೇಡ್ ನಿಮಿಷಕ್ಕೆ 800 ಸುತ್ತು ತಿರುಗಿದರೆ ಅದರ ತುದಿ ಹೋಗುವ ವೇಗ ಗಂಟೆಗೆ 230 ಕಿ.ಮೀ.ಗೆ ಹತ್ತಿರ. ಅದು ತಾಗಿದ ಕಲ್ಲು ಎಲ್ಲಿಗೆ ಹೋಗುತ್ತದೆಂದು ಯಾರೂ ಹೇಳಲಾರರು. ಹಿಂದೆ ಮುಂದೆ ಸರಪಳಿಯ ಪರದೆ ಇಲ್ಲದ ಸ್ಲ್ಯಾಶರ್ ಅಗ್ಗವಾಯಿತೆಂದು ತರಬೇಡಿ. ಅಂಗಳದಲ್ಲಿ ಮಕ್ಕಳಿದ್ದರೆ, ರಸ್ತೆ ಬದಿ ಜನರಿದ್ದರೆ ಕೆಲಸ ನಿಲ್ಲಿಸಿ.

ತಪ್ಪು ಯಾರದ್ದು?

ಒಂದು ಕೊಟೇಷನ್ ನಮ್ಮ ಕೈಯಲ್ಲಿದೆ. ಅಂಗಡಿಯ ಹೆಸರು ಬರೆಯುವುದಿಲ್ಲ, ಒಬ್ಬರದ್ದು ಬರೆದರೆ ಉಳಿದವರು ಒಳ್ಳೆಯವರಾಗಿಬಿಡುತ್ತಾರೆ. ಅದರಲ್ಲಿ ಅಗಲ ಇದೆ, ಬೆಲೆ ಇದೆ, ಜಿಎಸ್‌ಟಿ ಇದೆ, ಸಬ್ಸಿಡಿ ಎಷ್ಟು ಸಿಗಬಹುದೆಂದು ಇದೆ. ಪಿಟಿಒದಲ್ಲಿ ಎಷ್ಟು ಎಚ್‌ಪಿ ಬೇಕು, ಅದು ಇಲ್ಲ. ತೂಕ ಇಲ್ಲ. ಗೇರ್‌ಬಾಕ್ಸ್ ಎಷ್ಟು ಎಚ್‌ಪಿ ತಾಳುತ್ತದೆ, ಅದೂ ಇಲ್ಲ. ಒಂದು ಕಿಲೋ ಬೆಲ್ಲ ಕೊಂಡರೂ ತೂಕ ನೋಡುವ ನಾವು ಇದಕ್ಕೆ ಸಹಿ ಹಾಕುತ್ತೇವೆ.

ಸರಕಾರದ ಸಬ್ಸಿಡಿ ಒಳ್ಳೆಯದು. ಸಾಮಾನ್ಯ ವರ್ಗಕ್ಕೆ ಶೇ. 50, ಪರಿಶಿಷ್ಟರಿಗೆ ಶೇ. 90ರವರೆಗೆ ಸಹಾಯಧನ ಇಲ್ಲದಿದ್ದರೆ ಎಷ್ಟೋ ಮನೆಗೆ ಯಂತ್ರವೇ ಬರುತ್ತಿರಲಿಲ್ಲ. ಆದರೆ ಸಬ್ಸಿಡಿ ಸಿಕ್ಕಿತೆಂದು ದೊಡ್ಡದು ತರುವ ಬುದ್ಧಿ ನಮ್ಮಲ್ಲಿದೆ. "ಹೇಗೂ ಅರ್ಧ ಸರಕಾರದ್ದು" ಎನ್ನುತ್ತೇವೆ. ಸುಟ್ಟ ಕ್ಲಚ್ ಪ್ಲೇಟಿಗೆ ಸಬ್ಸಿಡಿ ಇಲ್ಲ. ಸರಕಾರದ ಹಣ ಹೋಗುವ ಯಂತ್ರಕ್ಕೆ ರೈತನ ಟ್ರ್ಯಾಕ್ಟರಿನ ಮಾದರಿ, ವಯಸ್ಸು, ಕ್ಲಚ್ ಯಾವುದು ಎಂದು ಬರೆದು, ಇದು ಅದಕ್ಕೆ ಹೊಂದುತ್ತದೆ ಎಂದು ಮಾರುವವನು ಸಹಿ ಹಾಕಬೇಕು. ಇದು ನಮ್ಮ ಮೊದಲ ಬೇಡಿಕೆ. ಸಿಂಗಲ್ ಕ್ಲಚ್ ಟ್ರ್ಯಾಕ್ಟರಿನವರಿಗೆ ಓವರ್‌ರನ್ ಕಪ್ಲಿಂಗ್ ಇಲ್ಲದೆ ಸ್ಲ್ಯಾಶರ್ ಕೊಡಲೇಬಾರದು. ಇದು ಎರಡನೆಯದು.

ಮಾಹಿತಿ ಇಲ್ಲವೆಂದು ಯಾರೂ ಹೇಳುವ ಹಾಗಿಲ್ಲ. ಮಧ್ಯಪ್ರದೇಶದ ಬುಧ್ನಿಯಲ್ಲಿ ಕೇಂದ್ರ ಸರಕಾರದ ಟ್ರ್ಯಾಕ್ಟರ್ ಪರೀಕ್ಷಾ ಸಂಸ್ಥೆ ಇದೆ. ಅಲ್ಲಿ ಪರೀಕ್ಷೆಯಾದ ಟ್ರ್ಯಾಕ್ಟರಿನ ವರದಿಯಲ್ಲಿ ಪಿಟಿಒ ಶಕ್ತಿ ಎಷ್ಟೆಂದು ಅಳೆದು ಬರೆದಿರುತ್ತಾರೆ. ಅನಂತಪುರದ ಗಾರ್ಲದಿನ್ನೆಯಲ್ಲೂ ಅಂಥ ಸಂಸ್ಥೆಯಿದೆ. ಆ ಅಂಕಿ ಕಂಪೆನಿಗೆ ಗೊತ್ತು, ಡೀಲರಿಗೂ ಗೊತ್ತಿರಬೇಕು. ರೈತನ ಕೈಗೆ ಮಾತ್ರ ಬರುವುದಿಲ್ಲ. ರೈತ ಸಂಪರ್ಕ ಕೇಂದ್ರದ ಗೋಡೆಯಲ್ಲಿ ಎಷ್ಟೊಂದು ಪೋಸ್ಟರ್ ಇರುತ್ತವೆ. ನಮ್ಮ ತಾಲೂಕಿನಲ್ಲಿ ಓಡುವ ಹತ್ತು ಹಳೆಯ ಟ್ರ್ಯಾಕ್ಟರ್ ಮಾದರಿಗಳು, ಪಿಟಿಒ ಎಚ್‌ಪಿ, ಕಟ್ಟಬಹುದಾದ ಸ್ಲ್ಯಾಶರ್ ಎಷ್ಟಡಿ ಎಂಬ ಒಂದು ಪಟ್ಟಿಯನ್ನು ಅವುಗಳ ಪಕ್ಕ ಅಂಟಿಸಲು ಏನು ಖರ್ಚು?

ಕೊನೆಗೆ ನಮ್ಮದೇ ಸರದಿ. ಯಂತ್ರಮೇಳಗಳಿಗೆ ನಾವೂ ಹೋಗಿದ್ದೇವೆ. ಪುತ್ತೂರಿನ ಮೇಳದ ಧೂಳಿನಲ್ಲಿ ಓಡಾಡಿ, ಸ್ಟಾಲಿನವರು ಕೊಟ್ಟ ಕರಪತ್ರದಿಂದ ಎರಡು ವಾಕ್ಯ ಎತ್ತಿ, "ರೈತರ ಗಮನ ಸೆಳೆದ ಯಂತ್ರ" ಎಂದು ಬರೆದಿದ್ದೇವೆ. ಎಷ್ಟು ಎಚ್‌ಪಿ ಬೇಕೆಂದು ಒಮ್ಮೆಯೂ ಕೇಳಿರಲಿಲ್ಲ. ಬರೆಯ ಅಂಚಿನ ಫೋಟೊಕ್ಕೆ "ನಿಯಂತ್ರಣ ತಪ್ಪಿದ" ಎಂದು ಬರೆದವರೂ ನಾವೇ. ಆ ಡ್ರೈವರಿಗೆ ಅದಾದ ಮೇಲೆ ಎರಡು ತಿಂಗಳು ಯಾರೂ ಕೆಲಸ ಕೊಡಲಿಲ್ಲ. ಅವನ ಕ್ಷಮೆ ಇಲ್ಲಿ ಎಲ್ಲರೆದುರು ಕೇಳುತ್ತೇವೆ.

ಅಂಗಡಿಗೆ ಹೋಗುವ ಮೊದಲು

ಈ ಭಾಗವನ್ನು ಬೇಕಾದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

1. ಎಂಜಿನ್ ಎಚ್‌ಪಿಯನ್ನು 0.85ರಿಂದ ಗುಣಿಸಿ. ಹದಿನೈದು ಇಪ್ಪತ್ತು ವರ್ಷ ಹಳತಾದರೆ ಹತ್ತರಲ್ಲಿ ಒಂದು ಪಾಲು ಕಳೆಯಿರಿ. ಬಂದದ್ದನ್ನು ಹುಲ್ಲಿಗಾದರೆ 5ರಿಂದ, ಪೊದೆಗಾದರೆ ಆರೂವರೆಯಿಂದ ಭಾಗಿಸಿ. ಅದು ನಿಮ್ಮ ಸ್ಲ್ಯಾಶರಿನ ಅಡಿ. ಚಿಲ್ಲರೆ ಬಂದರೆ ಕೆಳಗಿನ ಅಳತೆಗೆ ಇಳಿಯಿರಿ, ಮೇಲಕ್ಕೆ ಹತ್ತಬೇಡಿ.

2. ಕ್ಲಚ್ ಸಿಂಗಲ್ಲೋ ಡಬಲ್ಲೋ ಎಂದು ನಿಮ್ಮ ಮೆಕ್ಯಾನಿಕ್ ಹತ್ತಿರ ಕೇಳಿ. ಸಿಂಗಲ್ ಆದರೆ ಓವರ್‌ರನ್ ಕಪ್ಲಿಂಗ್ ಸಹಿತ ಬೆಲೆ ಕೇಳಿ.

3. ಪಿಟಿಒ 540 ಸುತ್ತಿಗೆ ಎಂಜಿನ್ ಎಷ್ಟು ಸುತ್ತಿನಲ್ಲಿ ಓಡಬೇಕೆಂದು ತಿಳಿದುಕೊಳ್ಳಿ. ಕಡಿಮೆ ಓಡಿಸಿದರೆ ಹುಲ್ಲು ಜಜ್ಜುತ್ತದೆ, ಹೆಚ್ಚು ಓಡಿಸಿದರೆ ಬ್ಲೇಡ್, ಬೇರಿಂಗ್ ಹೋಗುತ್ತದೆ.

4. ಕೊಟೇಷನ್‌ನಲ್ಲಿ ಬೇಕಾಗುವ ಪಿಟಿಒ ಎಚ್‌ಪಿ, ತೂಕ, ಗೇರ್‌ಬಾಕ್ಸಿನ ಎಚ್‌ಪಿ ಬರೆಸಿಕೊಳ್ಳಿ. ಬರೆಯುವುದಿಲ್ಲ ಎಂದರೆ ಎದ್ದು ಬನ್ನಿ.

5. ನಿಮ್ಮದೇ ಟ್ರ್ಯಾಕ್ಟರಿಗೆ ಕಟ್ಟಿ, ನಿಮ್ಮದೇ ತೋಟದ ದಟ್ಟ ಹುಲ್ಲಿನಲ್ಲಿ ಅರ್ಧ ಗಂಟೆ ಓಡಿಸಿ ತೋರಿಸಲು ಹೇಳಿ. ಹೊಗೆ ಕಪ್ಪಾಗಿ ಎಂಜಿನ್ನಿನ ಸ್ವರ ಕುಗ್ಗಿದರೆ ಅದು ನಿಮ್ಮದಲ್ಲ.

6. ವರ್ಷಕ್ಕೆ ಎರಡು ಸಲ ಮಾತ್ರ ಬೇಕಾಗುವವರು ಕೊಳ್ಳಲೇಬೇಡಿ. 2014-15ರಲ್ಲಿ ರಾಜ್ಯ ಸರಕಾರ ಶುರು ಮಾಡಿದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಲ್ಲಿ ವಿಚಾರಿಸಿ, ಇಲ್ಲದಿದ್ದರೆ ನಾಲ್ಕು ಮನೆ ಸೇರಿ ಒಂದು ಕೊಳ್ಳಿ. ಬಾಡಿಗೆಗೆ ತರುವಾಗಲೂ ಒಂದನೇ ಲೆಕ್ಕ ಹಾಕಿಯೇ ತನ್ನಿ.

ಅಣ್ಣ ಈಗ ಆ ಆರಡಿಯದ್ದನ್ನು ಮಾರಿದ್ದಾರೆ, ಕೊಂಡ ಬೆಲೆಗೆ ಅಲ್ಲ. 50 ಎಚ್‌ಪಿ ಇರುವ ಒಬ್ಬರು ತೆಗೆದುಕೊಂಡು ಹೋದರು, ಅವರಿಗೆ ಅದು ಸರಿಯಾಗಿದೆ. ಅಣ್ಣ ಹಳೆಯ ಐದಡಿಯದ್ದೊಂದನ್ನು ತಂದು, ಕಪ್ಲಿಂಗ್ ಹಾಕಿಸಿ, ಎದುರಿಗೆ ಭಾರ ಕಟ್ಟಿಸಿದ್ದಾರೆ. ಓಡಿಸುವುದು ಅದೇ ಡ್ರೈವರ್. ಮೊನ್ನೆ ಹೋದಾಗ ತಟ್ಟಿನ ಅಂಚಿನಿಂದ ಎಂಟಡಿ ಈಚೆಗೆ ಕ್ಲಚ್ ಒತ್ತಿ ತೋರಿಸಿದ. ಟ್ರ್ಯಾಕ್ಟರ್ ನಿಂತಿತು. ಬ್ಲೇಡ್ ಹಿಂದೆ ಒಂದಷ್ಟು ಹೊತ್ತು ತನ್ನಷ್ಟಕ್ಕೆ ತಿರುಗಿ ನಿಂತಿತು.

"ಇದೊಂದು ಮೊದಲೇ ಹೇಳಿದ್ರೆ ಆಗ್ತಿತ್ತಲ್ಲ" ಅಂದ.

ಹೇಳಬೇಕಾಗಿದ್ದವರು ಮೂವರು: ಮಾರಿದವರು, ಸಬ್ಸಿಡಿ ಕೊಟ್ಟವರು, ಬರೆಯುವ ನಾವು. ನಮ್ಮ ಪಾಲಿನದ್ದು ಇಲ್ಲಿ ಹೇಳಿದ್ದೇವೆ. ಉಳಿದಿಬ್ಬರ ಹತ್ತಿರ ಈ ಪ್ರಶ್ನೆಗಳನ್ನು ಇಟ್ಟುಕೊಂಡು ನೀವೂ ಹೋಗಿ ಕೇಳಿ.